ಖಾಲಿ ಟ್ರೇಗಳು ಹೇಳಿದ ಬೆಲೆ

2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ.ಯ ಒಂದು ಬಾಕ್ಸ್ ಟೊಮೆಟೊ 2,000 ರೂಪಾಯಿ ದಾಟಿದಾಗ, ಆ ಕಡೆ ಒಂದೂವರೆ ಎಕರೆಯಲ್ಲಿ ತರಕಾರಿ ಬೆಳೆಯುವ ನಮ್ಮ ಸೋದರಮಾವ ಸಸಿ ತರಲು ನರ್ಸರಿಗೆ ಹೋದರು. ಅಲ್ಲಿ ಖಾಲಿ ಟ್ರೇಗಳನ್ನು ಗೋಡೆಯೆತ್ತರಕ್ಕೆ ಪೇರಿಸಿಟ್ಟಿದ್ದರು. ಹದಿನೈದು ದಿನ ಬಿಟ್ಟು ಬನ್ನಿ ಎಂದರಂತೆ.

ನಾಟಿಯಾದ ಎರಡು, ಎರಡೂವರೆ ತಿಂಗಳಿಗೆ ಟೊಮೆಟೊ ಕೊಯ್ಲಿಗೆ ಬರುತ್ತದೆ. ಬೇಸಿಗೆಯಲ್ಲಿ ಬೆಲೆಯಿಲ್ಲದೆ ಬೆಳೆ ಬಿಟ್ಟಿದ್ದವರು, ಮಳೆಗೂ ಎಲೆ ಮುಟುರು ರೋಗಕ್ಕೂ ತೋಟ ಕಳೆದುಕೊಂಡವರು, ಎಲ್ಲರೂ ಜುಲೈನ ಬೆಲೆ ನೋಡಿಯೇ ನಾಟಿ ಮಾಡಿದ್ದರಿಂದ, ಸೆಪ್ಟೆಂಬರಿನಲ್ಲಿ ಮಾಲು ಒಮ್ಮೆಲೇ ಬಂದು ಬೆಲೆ ಕುಸಿಯಿತು. ಮಾವನ ಬೆಳೆ ಮಂಡಿಗೆ ಬಂದಾಗ ಕೊಯ್ಲಿನ ಕೂಲಿ, ಗಾಡಿ ಬಾಡಿಗೆ ಕಳೆದು ಹೆಚ್ಚೇನೂ ಉಳಿಯಲಿಲ್ಲ. ಇಂದಿನ ಬೆಲೆ ನೋಡಿ ಎಲ್ಲರೂ ಬೆಳೆದು ಮುಂದಿನ ಬೆಲೆಯನ್ನು ಕೆಡಿಸುವ ಈ ಸುತ್ತನ್ನು ಅರ್ಥಶಾಸ್ತ್ರಜ್ಞರು ಜೇಡರ ಬಲೆಯ ಸಿದ್ಧಾಂತವೆಂದು 1930ರ ದಶಕದಲ್ಲೇ ವಿವರಿಸಿದ್ದಾರೆ.

ಆದರೆ ಆ ವರ್ಷ ರೈತರ ಜೊತೆಗೆ ಸರ್ಕಾರವೂ ಕಣದಲ್ಲಿತ್ತು. ಕೇಂದ್ರದ ಸಹಕಾರಿ ಸಂಸ್ಥೆಗಳು ಕರ್ನಾಟಕ, ಆಂಧ್ರ, ಮಹಾರಾಷ್ಟ್ರದ ಮಂಡಿಗಳಲ್ಲಿ ಟೊಮೆಟೊ ಕೊಂಡು ದೆಹಲಿಯಲ್ಲಿ ಮೊದಲು ಕೆ.ಜಿ.ಗೆ 90 ರೂಪಾಯಿಗೆ, ಆಗಸ್ಟ್ ಹೊತ್ತಿಗೆ 40ಕ್ಕೆ ಮಾರಿದವು, ನೇಪಾಳದಿಂದಲೂ ಆಮದಾಯಿತು. ಅದೇ ಆಗಸ್ಟಿನಲ್ಲಿ ಈರುಳ್ಳಿಗೆ ಶೇ 40 ರಫ್ತು ಸುಂಕ ಬಿತ್ತು, ಡಿಸೆಂಬರ್ 8ರಂದು ರಫ್ತೇ ನಿಂತಿತು. ಪೇಟೆಯ ಬಡವರಿಗೆ ಆ ಹೊತ್ತಿನಲ್ಲಿ ಇದು ಆಸರೆಯಾಯಿತು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಬೆಲೆ ಏರಿದರೆ ದೆಹಲಿ ಅದನ್ನು ಇಳಿಸುತ್ತದೆ, ಬಿದ್ದರೆ ಕೇಳುವವರಿಲ್ಲ ಎಂಬ ಪಾಠವನ್ನೂ ರೈತ ಕಲಿತ. ಮುಂದಿನ ಸಲ ಎಷ್ಟು ಹಾಕಬೇಕು, ಎಷ್ಟು ದಿನ ದಾಸ್ತಾನು ಇಡಬೇಕು ಎಂದು ಅವನು ನಿರ್ಧರಿಸುವುದು ಆ ಪಾಠದ ಮೇಲೆಯೇ. ನೀತಿ ಬದಲಾದರೆ ಜನರ ನಡವಳಿಕೆಯೂ ಬದಲಾಗುವುದರಿಂದ ಹಳೆಯ ಅಂಕಿಅಂಶಗಳ ಮೇಲೆ ಕಟ್ಟಿದ ಲೆಕ್ಕ ಕೈಕೊಡುತ್ತದೆ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಲ್ಯೂಕಸ್ 1976ರಲ್ಲಿ ವಾದಿಸಿದ್ದು ಇದನ್ನೇ. ಹವಾಮಾನ ಮುನ್ಸೂಚನೆಯನ್ನು ಕೇಳಿ ಮೋಡ ದಾರಿ ಬದಲಿಸುವುದಿಲ್ಲ. ಬೆಲೆಯ ಮುನ್ಸೂಚನೆಯನ್ನು ಕೇಳಿದ ರೈತ ಬೆಳೆ ಬದಲಿಸುತ್ತಾನೆ.

ಹಾಗಾಗಿ ಮೂರು ತಿಂಗಳ ನಂತರದ ಬೆಲೆ ಇಷ್ಟೇ ಎಂದು ಯಾರಾದರೂ ಖಚಿತವಾಗಿ ಹೇಳಿದರೆ ನಾನು ನಂಬುವುದಿಲ್ಲ. ಅದಕ್ಕಿಂತ, ಯಾವ ವಾರ ಯಾವ ತಾಲ್ಲೂಕಿನ ನರ್ಸರಿಗಳಿಂದ ಎಷ್ಟು ಸಸಿ ಹೋಯಿತೆಂಬ ಲೆಕ್ಕವನ್ನು ಸರ್ಕಾರ ಪ್ರಕಟಿಸಿದರೆ ರೈತರಿಗೆ ನಿಜವಾಗಿ ಉಪಕಾರವಾಗುತ್ತದೆ. ಈ ಸಲ ಮಾವ ಅರ್ಧ ಎಕರೆಗೆ ಮಾತ್ರ ಟೊಮೆಟೊ ಹಾಕಿ ಉಳಿದದ್ದಕ್ಕೆ ಬೀನ್ಸ್ ಹಾಕಿದ್ದಾರೆ. ಸುತ್ತಲಿನ ಊರುಗಳಲ್ಲಿ ಇನ್ನೆಷ್ಟು ಮಂದಿ ಬೀನ್ಸ್ ಹಾಕಿದ್ದಾರೆಂದು ವಿಚಾರಿಸಿದೆ. ಅವರಿಗೂ ಗೊತ್ತಿಲ್ಲ.