ಫೆಂಗ್ ಶುಯಿ ಪ್ರಕಾರ ಮನೆಯಲ್ಲಿ ಏನಿಡಬೇಕು? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಮನೆ ಪ್ಲಾನ್ ಮಾಡಿಕೊಡುವ ನನಗೆ ಈ ಪ್ರಶ್ನೆ ಹೊಸದಲ್ಲ. ಫೆಂಗ್ ಶುಯಿ ಅಂದರೆ ನಮ್ಮ ವಾಸ್ತುವಿನ ಹಾಗೆ ಮನೆ, ಜಾಗ ನೋಡುವ ಚೀನಾದ ಪದ್ಧತಿ. ನಗುವ ಬುದ್ಧ ಎಲ್ಲಿಡಲಿ, ಗಾಳಿಗಂಟೆ ಎಲ್ಲಿ ಕಟ್ಟಲಿ ಅಂತ ಕೇಳುತ್ತಾರೆ. ಅದನ್ನೆಲ್ಲ ಆಮೇಲೆ ನೋಡುವಾ, ಮೊದಲು ನಿಮ್ಮ ಮನೆಗೆ ಗಾಳಿ ಎಲ್ಲಿಂದ ಬರುತ್ತದೆ, ನೀರು ಎಲ್ಲಿಗೆ ಹೋಗುತ್ತದೆ ಹೇಳಿ ಎನ್ನುತ್ತೇನೆ.

'ಚಿ' ಎನ್ನುವ ಚೈತನ್ಯ ಗಾಳಿಗೆ ಚದುರುತ್ತದೆ, ನೀರು ಸಿಕ್ಕಲ್ಲಿ ನಿಲ್ಲುತ್ತದೆ ಎನ್ನುವುದು ಚೀನಾದವರ ಹಳೆಯ ನಂಬಿಕೆ. ಹಾಗಾಗಿ ಮನೆಯ ಬೆನ್ನಿಗೆ ಗುಡ್ಡ ಬೇಕು, ಮುಂದೆ ತೆರೆದ ಜಾಗ, ಅದರಾಚೆ ನೀರು. ನಮ್ಮ ಬಾಯಾರು, ಎಣ್ಮಕಜೆಯ ಹಳೆ ಮನೆಗಳು ಹೀಗೇ ಇವೆ ಅಲ್ವಾ? ಹಿಂದೆ ಗುಡ್ಡೆ. ಅದರ ಮುರಕಲ್ಲು ಕೊರೆದು ಮಾಡಿದ ಸುರಂಗ. ಪಂಪು, ಕರೆಂಟು ಏನೂ ಬೇಡದೆ ನೀರು ತಾನಾಗಿ ಇಳಿದು ಟಾಂಕಿಗೆ ಬೀಳುತ್ತದೆ. ಎದುರಿಗೆ ಅಡಿಕೆ ಒಣಗಿಸುವ ಅಂಗಳ, ಕೆಳಗೆ ತೋಟ, ತೋಟದಾಚೆ ತೋಡು. ಈಗ ಗುಡ್ಡೆಯನ್ನು ಜೆಸಿಬಿಯಲ್ಲಿ ನೆಟ್ಟಗೆ ಕಡಿದು, ಆ ಬರೆಗೆ ತಾಗಿಸಿ ಮನೆ ಕಟ್ಟುವುದನ್ನು ಕಂಡರೆ ನನಗೆ ಹೆದರಿಕೆಯಾಗುತ್ತದೆ.

ದಿಕ್ಕನ್ನು ಮಾತ್ರ ಪುಸ್ತಕದಲ್ಲಿದ್ದ ಹಾಗೇ ತೆಗೆದುಕೊಳ್ಳಬೇಡಿ. ಚೀನಾದಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಮನೆ ಒಳ್ಳೆಯದು. ಅಲ್ಲಿ ಚಳಿಗಾಳಿ ಬೀಸುವುದು ಉತ್ತರದಿಂದ, ಚಳಿಗಾಲದ ಬಿಸಿಲು ಸಿಗುವುದು ದಕ್ಷಿಣದಿಂದ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಗಾಳಿ ಬಡಿಯುವುದು ನೈರುತ್ಯದಿಂದ. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಆ ಕಡೆ ದೊಡ್ಡ ಕಿಟಕಿ ಇಟ್ಟು ಮಾಡಿನ ಸೂರನ್ನು ಹೊರಗೆ ಚಾಚದಿದ್ದರೆ ಎರಚಲು ಹಾಸಿಗೆಯ ತನಕ ಬರುತ್ತದೆ.

ಎದುರು ಬಾಗಿಲು, ಹಿಂಬಾಗಿಲು ಒಂದೇ ಗೆರೆಯಲ್ಲಿದ್ದರೆ ಚಿ ನಿಲ್ಲದೆ ಹೊರಗೆ ಹೋಗುತ್ತದಂತೆ. ಇದನ್ನು ನಾನು ಇಲ್ಲಿಗೆ ಒಪ್ಪುವುದಿಲ್ಲ. ಮೇ ತಿಂಗಳ ಸೆಕೆಯಲ್ಲಿ ಆ ಗಾಳಿ ಇಲ್ಲದೆ ಚಾವಡಿಯಲ್ಲಿ ಕೂರಲಿಕ್ಕಾಗದು. ಮಂಚದ ನಿಯಮ ಒಳ್ಳೆಯದಿದೆ: ತಲೆಯ ಹಿಂದೆ ಗಟ್ಟಿ ಗೋಡೆ ಇರಲಿ, ಮಲಗಿದಲ್ಲಿಂದ ಬಾಗಿಲು ಕಾಣಲಿ, ಆದರೆ ಮಂಚ ಬಾಗಿಲಿನ ನೇರಕ್ಕೆ ಬೇಡ.

ಇವೆಲ್ಲಕ್ಕಿಂತ ನನಗೆ ಮುಖ್ಯ ಅನಿಸುವುದು, ಸಾಮಾನು ಕಿಕ್ಕಿರಿದಲ್ಲಿ ಚಿ ಕಟ್ಟಿಕೊಳ್ಳುತ್ತದೆ ಎನ್ನುವ ಮಾತು. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆಯಲ್ಲಿ, ಗೋಡೆಗೆ ತಾಗಿಸಿಟ್ಟ ಕಪಾಟಿನ ಹಿಂದೆ ಸುಮ್ನೆ ಕೈಯಾಡಿಸಿ ನೋಡಿ. ಗೋಡೆ ತಣ್ಣಗೆ, ಜಿನುಗುತ್ತಿರುತ್ತದೆ. ಬೆರಳಿಗೆ ಬಿಳಿ ಬೂಸ್ಟು ಹತ್ತುತ್ತದೆ. ಮಂಚದಡಿಯಲ್ಲಿ ಹಳೆ ಚಾಪೆ, ಗೋಣಿ, ರಟ್ಟಿನ ಪೆಟ್ಟಿಗೆ. ಅದೇ ಕೋಣೆಯಲ್ಲಿ ಮಗು ಮಲಗುತ್ತದೆ, ರಾತ್ರಿಯಿಡೀ ಕೆಮ್ಮುತ್ತದೆ. ಇಂಥ ಕೋಣೆಗೆ ಯಾವ ಗೊಂಬೆ ತಂದಿಟ್ಟು ಏನಾಗಬೇಕು? ಕಪಾಟನ್ನು ನಾಲ್ಕು ಬೆರಳು ಈಚೆ ಎಳೆಯಿರಿ. ಬೇಡದ್ದನ್ನು ಹೊರಗೆ ಹಾಕಿ. ಮಳೆ ಬಿಟ್ಟಾಗೆಲ್ಲ ಎದುರುಬದುರು ಕಿಟಕಿ ತೆರೆಯಿರಿ. ಆಟಿ ಮುಗಿದು ಸೋಣ ತಿಂಗಳ ಬಿಸಿಲು ಬಿದ್ದ ದಿನ ಹಾಸಿಗೆ ಅಂಗಳಕ್ಕೆ ಬರಲಿ.

ಹೊಸ ಮನೆ ಕಟ್ಟುವವರಾದರೆ ಜಾಗವನ್ನು ಒಂದು ಪೂರ್ತಿ ಮಳೆಗಾಲ ನೋಡಿ. ನೀರು ಹರಿಯುವ ದಾರಿಯನ್ನು ಗುರುತು ಹಾಕಿಟ್ಟುಕೊಂಡು ಬನ್ನಿ, ಪ್ಲಾನ್ ಬರೆಯಲು ಅಲ್ಲಿಂದ ಶುರು ಮಾಡುವಾ.