ಲಿಫ್ಟ್ ಮೇಲೆ ಎಲ್ಲ ಟಯರೂ ಹಿಡಿಸುತ್ತೆ

ಅಮೆರಿಕದ ಮಿಶಿಗನ್‌ನಲ್ಲಿ, ಡೆಟ್ರಾಯ್ಟ್ ಪಕ್ಕದ ಒಂದು ಸಣ್ಣ ಶಾಪ್‌ನಲ್ಲಿ ನನ್ನ ಕೆಲಸ. ಹಳೇ ಕಾರುಗಳ ಸಸ್ಪೆನ್ಷನ್, ಬ್ರೇಕ್, ವೀಲ್ ನೋಡಿಕೊಳ್ಳುತ್ತೇನೆ. ಕಮಾರೋ, ಮಸ್ಟಾಂಗ್, ಷೆವೆಲ್, ಚಾರ್ಜರ್ ಜಾಸ್ತಿ ಬರುತ್ತವೆ. ಜುಲೈ ಬಂದರೆ ಕಾರು ನಿಲ್ಲಿಸಲು ಜಾಗ ಇರುವುದಿಲ್ಲ. ಆಗಸ್ಟ್ ಮೂರನೇ ಶನಿವಾರ ಇಲ್ಲಿ ವುಡ್‌ವರ್ಡ್ ಡ್ರೀಮ್ ಕ್ರೂಸ್ ಇರುತ್ತದೆ. 1995ರಿಂದ ನಡೆದುಕೊಂಡು ಬಂದಿರುವ ಹಳೇ ಕಾರುಗಳ ಮೆರವಣಿಗೆ ಅದು. ಅಷ್ಟರೊಳಗೆ ಹಿಂದಿನ ಟಯರ್ ಅಗಲ ಮಾಡಿಕೊಡಿ ಅಂತ ಕೇಳಿಕೊಂಡು ಬರುವವರೇ ಹೆಚ್ಚು.

ಈ ಆಸೆಯಲ್ಲಿ ತಪ್ಪೇನೂ ಇಲ್ಲ. 1969ರ ಕಮಾರೋ ಎಸ್‌ಎಸ್ 396 ಎಂಜಿನ್‌ಗೆ ಷೆವರ್ಲೆಯವರು 375 ಹಾರ್ಸ್‌ಪವರ್‌ವರೆಗೆ ಹೇಳಿದ್ದರು. ಅಷ್ಟೂ ಶಕ್ತಿ ಹಿಂದಿನ ಎರಡು ಚಕ್ರಕ್ಕೇ ಹೋಗುತ್ತದೆ. ಅದಕ್ಕೆ ಹಾಕಿದ್ದ ಎಫ್ 70-14 ಟಯರ್ ಇವತ್ತಿನ ಲೆಕ್ಕದಲ್ಲಿ ಹೆಚ್ಚುಕಡಿಮೆ 225/70 ಆರ್ 14, ಅಂದರೆ ಅಗಲ 225 ಮಿಲಿಮೀಟರ್, 14 ಇಂಚಿನ ರಿಮ್‌ಗೆ ಕೂರುವಂಥದು. ಆಕ್ಸಿಲರೇಟರ್ ಒತ್ತಿದರೆ ಕಾರು ಮುಂದೆ ಹೋಗುವ ಬದಲು ಟಯರ್ ನಿಂತಲ್ಲೇ ಸುತ್ತಿ ಹೊಗೆ ಎಬ್ಬಿಸುತ್ತದೆ. ಅಗಲದ ಟಯರ್ ಹಾಕಿದರೆ ಹಿಡಿತ ಸಿಗುತ್ತದೆ. ನೋಡೋಕೂ ಚೆಂದ.

ತೊಂದರೆ ಶುರುವಾಗುವುದು ರಿಮ್, ಟಯರ್ ಮೊದಲು ಕೊಂಡು, ಅಳತೆ ಆಮೇಲೆ ನೋಡಿದಾಗ.

ಕಳೆದ ಬೇಸಿಗೆಯಲ್ಲಿ ಒಬ್ಬ ಹಿರಿಯರು ತಮ್ಮ 1969ರ ಕಮಾರೋ ತಂದರು. ಹಿಂದಕ್ಕೆ 15 ಇಂಚು ಎತ್ತರ, 8 ಇಂಚು ಅಗಲದ ರಿಮ್, ಮೇಲೆ 275/60 ಆರ್ 15 ಟಯರ್. ಅವರೇ ಮನೆಯಲ್ಲಿ ಜಾಕ್ ಹಾಕಿ ಕೂರಿಸಿ ನೋಡಿದ್ದರು. ಸಲೀಸಾಗಿ ಕೂತಿತ್ತು. ನಮ್ಮ ಲಿಫ್ಟ್ ಮೇಲೂ ಸರಿಯಾಗೇ ಕೂತಿತು. ಕೂರದೆ ಇನ್ನೇನು? ಕಾರು ಮೇಲೆತ್ತಿದಾಗ ಹಿಂದಿನ ಎರಡು ಚಕ್ರ ಕೂಡಿಸುವ ಆಕ್ಸಲ್ ಕೆಳಗೆ ಜೋತು ಬೀಳುತ್ತದೆ. ಟಯರ್‌ನ ಉಬ್ಬು ಫೆಂಡರ್ (ಚಕ್ರದ ಮೇಲಿನ ಬಾಡಿ ತಗಡು) ಅಂಚಿಗಿಂತ ಎಷ್ಟೋ ಕೆಳಗಿರುತ್ತದೆ. ಕಾರು ನೆಲಕ್ಕಿಳಿಸಿ, ಹಿಂದೆ ಇಬ್ಬರು ಕೂತರೆ ಆಗ ನಿಜ ಗೊತ್ತಾಗುತ್ತದೆ. ಎಡಗಡೆ ಟಯರ್ ಫೆಂಡರ್ ಅಂಚಿಗೆ ಒತ್ತಿ ನಿಂತಿತ್ತು.

ಇಲ್ಲಿ ಗಮನಿಸಬೇಕಾದದ್ದು ಬ್ಯಾಕ್‌ಸ್ಪೇಸಿಂಗ್. ರಿಮ್ ಅನ್ನು ಮುಖ ಕೆಳಗೆ ಮಾಡಿ ಮಲಗಿಸಿ. ಹಿಂದಿನ ಅಂಚಿನ ಮೇಲೆ ಅಡ್ಡಲಾಗಿ ನೇರ ಪಟ್ಟಿ ಇಡಿ. ಅಲ್ಲಿಂದ, ಹಬ್‌ಗೆ (ಆಕ್ಸಲ್ ತುದಿಯಲ್ಲಿ ರಿಮ್ ಕೂರಿಸುವ ಭಾಗ) ತಾಗಿ ಕೂರುವ ಜಾಗದವರೆಗೆ ಅಳೆಯಿರಿ. ಇಷ್ಟೇ ಬ್ಯಾಕ್‌ಸ್ಪೇಸಿಂಗ್. ರಿಮ್ ಎಷ್ಟು ಒಳಗೆ ಹೋಗುತ್ತೆ, ಎಷ್ಟು ಹೊರಗೆ ಬರುತ್ತೆ ಅನ್ನುವುದನ್ನು ಇದೇ ಹೇಳುತ್ತದೆ. ಇನ್ನೊಂದು ವಿಷಯ. 8 ಇಂಚಿನ ರಿಮ್ ಅಂದರೆ ಟಯರ್ ಕೂರುವ ಒಳಗಿನ ಅಗಲ ಮಾತ್ರ 8 ಇಂಚು. ಎರಡೂ ಕಡೆಯ ಅಂಚು ಸೇರಿಸಿದರೆ ಸುಮಾರು 9 ಆಗುತ್ತದೆ. ತುಂಬಾ ಜನ ಈ ಒಂದು ಇಂಚನ್ನೇ ಮರೆಯುತ್ತಾರೆ.

ಆ ಹಿರಿಯರ ರಿಮ್‌ಗೆ 4 ಇಂಚು ಬ್ಯಾಕ್‌ಸ್ಪೇಸಿಂಗ್ ಇತ್ತು. 9ರಲ್ಲಿ 4 ಕಳೆದರೆ ಹೊರಗೆ ಉಳಿಯುವುದು 5. ಆ ರಿಮ್ ಮೇಲೆ 275ರ ಟಯರ್ ಪ್ರತಿ ಪಕ್ಕಕ್ಕೂ ಹತ್ತಿರ ಹತ್ತಿರ ಒಂದು ಇಂಚು ಉಬ್ಬುತ್ತದೆ. ಒಟ್ಟು 6 ಇಂಚು ಹೊರಗೆ. ಅವರ ಕಾರಿನ ಎಡಗಡೆ, ಹಬ್‌ನಿಂದ ಫೆಂಡರ್ ಅಂಚಿನವರೆಗೆ ಇದ್ದದ್ದು ಐದೂವರೆ ಇಂಚು. ಇನ್ನು ಹೇಗೆ ಹಿಡಿಸಬೇಕು ಹೇಳಿ?

ಎಡಗಡೆ ಅಂತ ಬೇಕಂತಲೇ ಒತ್ತಿ ಹೇಳಿದೆ. ಬಲಗಡೆ ಕಾಲು ಇಂಚು ಜಾಸ್ತಿ ಜಾಗ ಇತ್ತು. ಆ ಕಾಲದ ಬಾಡಿಗಳಲ್ಲಿ ಎರಡೂ ಕಡೆ ಒಂದೇ ಸಮ ಇರುವುದು ಅಪರೂಪ. ಕಾರ್ಖಾನೆಯಿಂದ ಬಂದಾಗಲೇ ಸ್ವಲ್ಪ ವ್ಯತ್ಯಾಸ ಇರುತ್ತಿತ್ತು. ಆಮೇಲೆ ಐವತ್ತು ವರ್ಷದಲ್ಲಿ ಎಲ್ಲಿ ಗುದ್ದಿತ್ತೋ, ಯಾರು ಟಿಂಕರಿಂಗ್ ಮಾಡಿದರೋ. ಅದಕ್ಕೇ ನಾವು ಎರಡೂ ಕಡೆ ಬೇರೆ ಬೇರೆ ಅಳೆಯುತ್ತೇವೆ. ಕಾರಿನ ತೂಕ ಆಕ್ಸಲ್ ಮೇಲೆ ಇರಬೇಕು, ಟಯರ್ ಬಿಚ್ಚಿರಬೇಕು. ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಟ್ಟರೆ ಎರಡೂ ಆಗುತ್ತದೆ. ಫೆಂಡರ್ ಅಂಚಿಗೆ ದಾರ ಕಟ್ಟಿ, ತುದಿಗೆ ಒಂದು ನಟ್ ತೂಗುಬಿಟ್ಟು, ದಾರದಿಂದ ಹಬ್ ಮುಖದವರೆಗೆ ಅಳೆಯುತ್ತೇವೆ. ಒಳಗಡೆ ಆಕ್ಸಲ್ ಹೊರುವ ಉಕ್ಕಿನ ಪಟ್ಟಿಗಳ ಲೀಫ್ ಸ್ಪ್ರಿಂಗ್‌ವರೆಗೆ, ವೀಲ್ ಹೌಸ್ (ಚಕ್ರ ಕೂರುವ ಗೂಡು) ಗೋಡೆಯವರೆಗೆ ಇನ್ನೊಂದು ಅಳತೆ. ಯಾವ ಕಡೆ ಕಡಿಮೆಯೋ ಅದೇ ಲೆಕ್ಕ.

ಆ ಲೆಕ್ಕದಲ್ಲೂ ಸ್ವಲ್ಪ ಜಾಗ ಬಿಡಬೇಕು. ಲೀಫ್ ಸ್ಪ್ರಿಂಗ್‌ಗೆ ರಬ್ಬರ್ ಬುಷ್ ಇರುತ್ತದೆ. ತಿರುವಿನಲ್ಲಿ ಬುಷ್ ಅದುಮಿ ಆಕ್ಸಲ್ ಪಕ್ಕಕ್ಕೆ ಸರಿಯುತ್ತದೆ. ಒಂದು ಚಕ್ರ ಮಾತ್ರ ದಿಣ್ಣೆ ಹತ್ತಿದರೆ ಟಯರ್ ವಾಲಿಕೊಂಡು ಮೇಲೇಳುತ್ತದೆ. ನಿಂತ ಕಾರಿನಲ್ಲಿ ಬೆರಳು ತೂರುವಷ್ಟು ಸಂದಿ ಇದೆ ಅಂತ ಸಮಾಧಾನಪಟ್ಟುಕೊಂಡರೆ ಆಗಲ್ಲ.

ಆ ಕಮಾರೋಗೆ ಕೊನೆಗೆ 255/60 ಆರ್ 15 ಟಯರ್, ನಾಲ್ಕೂವರೆ ಇಂಚು ಬ್ಯಾಕ್‌ಸ್ಪೇಸಿಂಗ್‌ನ 8 ಇಂಚು ರಿಮ್ ಹಾಕಿದೆವು. ಟಯರ್ ಹೊರಗೆ ಬರುವುದು 5 ಇಂಚು ಚಿಲ್ಲರೆ. ಒಳಗೂ ಹೆಚ್ಚುಕಡಿಮೆ ಅಷ್ಟೇ ಹೋಗುತ್ತದೆ. ಲೀಫ್ ಸ್ಪ್ರಿಂಗ್‌ಗೆ ತಾಗುವುದಿಲ್ಲ. 275 ಬೇಕೇ ಬೇಕು ಅಂತ ಅವರಿಗೆ ಮನಸ್ಸಿತ್ತು. ರಿಮ್ ಬದಲಿಸಿದರೂ 275 ಐದೂವರೆ ಇಂಚು ಹೊರಗೆ ಬರುತ್ತೆ, ಫೆಂಡರ್ ಅಂಚು ಅಲ್ಲೇ ಇದೆ ಅಂತ ದಾರ, ಟೇಪ್ ಹಿಡಿದು ತೋರಿಸಿದ ಮೇಲೆ ಅವರೇ ಒಪ್ಪಿದರು. ನನ್ನ ಮಟ್ಟಿಗೆ ರಸ್ತೆಯಲ್ಲಿ ಓಡಿಸುವ ಕಾರಿಗೆ ಇದೇ ಸರಿಯಾದ ಅಳತೆ. ಮುಂದಿನ ಟಯರ್ ಸಣ್ಣದಿದ್ದು ಹಿಂದೆ ಮಾತ್ರ ತೀರಾ ಅಗಲ ಮಾಡಿದರೆ, ತಿರುವಿನಲ್ಲಿ ಮುಂಭಾಗ ಹೊರಕ್ಕೆ ಜಾರುತ್ತದೆ.

ಫೆಂಡರ್ ಅಂಚನ್ನು ಒಳಕ್ಕೆ ಮಡಿಸಿದರೆ ಇನ್ನಷ್ಟು ಜಾಗ ಸಿಗುತ್ತೆ ಅಲ್ವಾ ಅಂತ ಕೇಳುತ್ತಾರೆ. ಸಿಗುತ್ತದೆ. ಆದರೆ ಮೊದಲು ಒಂದು ಅಯಸ್ಕಾಂತ ತೆಗೆದುಕೊಂಡು ಅಂಚಿನ ಸುತ್ತ ಆಡಿಸಿ ನೋಡುತ್ತೇನೆ. ಅಂಟದ ಕಡೆ ಒಳಗೆ ದಪ್ಪ ಪುಟ್ಟಿ ಇದೆ ಅಂತ ಅರ್ಥ. ಅಲ್ಲಿ ಮಡಿಸಲು ಹೋದರೆ ಬಣ್ಣದ ಜೊತೆ ಪುಟ್ಟಿಯೂ ಎದ್ದು ಬರುತ್ತದೆ. ಗಟ್ಟಿ ಲೋಹ ಇದ್ದರೆ ಹೀಟ್ ಗನ್‌ನಿಂದ ಬಣ್ಣ ಬಿಸಿ ಮಾಡಿ, ರೋಲರ್‌ನಿಂದ ಸ್ವಲ್ಪ ಸ್ವಲ್ಪವೇ ಮಡಿಸಬೇಕು. ತಣ್ಣಗಿರುವಾಗ ಒತ್ತಿದರೆ ಬಣ್ಣ ಸೀಳುತ್ತದೆ. ಕೆಲವರು ಅಂಚನ್ನೇ ಗ್ರೈಂಡರ್‌ನಿಂದ ಕತ್ತರಿಸಿ ಬಿಸಾಕುತ್ತಾರೆ. ದಯವಿಟ್ಟು ಅದನ್ನು ಮಾಡಬೇಡಿ. ಹೊರಗಿನ ಫೆಂಡರ್ ಶೀಟ್, ಒಳಗಿನ ವೀಲ್ ಹೌಸ್ ಎರಡನ್ನೂ ಸ್ಪಾಟ್ ವೆಲ್ಡ್ ಮಾಡಿ ಕೂಡಿಸಿರುವುದು ಆ ಅಂಚಿನಲ್ಲೇ. ಕತ್ತರಿಸಿದರೆ ಎರಡೂ ಬೇರೆಯಾಗಿ, ಸಂದಿಯಲ್ಲಿ ನೀರು ಇಳಿದು ತುಕ್ಕು ಹಿಡಿಯುತ್ತದೆ.

ಕೂರಿಸಿದ ಮೇಲಿನ ಪರೀಕ್ಷೆಗೆ ದುಬಾರಿ ಸಾಮಾನು ಬೇಡ. ಫೆಂಡರ್ ಅಂಚಿನ ಒಳಗೆ, ಟಯರ್ ಒಳಪಕ್ಕದ ಎದುರಿನ ಗೋಡೆಗೆ ದಪ್ಪಗೆ ಸೀಮೆಸುಣ್ಣ ಬಳಿಯುತ್ತೇವೆ. ಹಿಂದಿನ ಸೀಟಲ್ಲಿ ಇಬ್ಬರು ಕೂರುತ್ತಾರೆ, ಡಿಕ್ಕಿಯಲ್ಲಿ ಭಾರ. ಇಳಿಜಾರಿನ ಡ್ರೈವ್‌ವೇಗೆ ಓರೆಯಾಗಿ, ಒಂದೊಂದೇ ಚಕ್ರ ಹತ್ತುವ ಹಾಗೆ ಓಡಿಸುತ್ತೇವೆ. ವಾಪಸ್ ಬಂದು ಟಾರ್ಚ್ ಬಿಟ್ಟರೆ, ಟಯರ್ ತಾಗಿದ ಜಾಗದಲ್ಲಿ ಸುಣ್ಣ ಒರೆಸಿ ಹೋಗಿರುತ್ತದೆ. ಆ ಕಮಾರೋದಲ್ಲಿ ಎಡಗಡೆ ಮೇಲ್ತುದಿಯಲ್ಲಿ ಬೆರಳಗಲದಷ್ಟು ಒರೆಸಿತ್ತು. ಅಷ್ಟು ಜಾಗದಲ್ಲಿ ಮಾತ್ರ ಅಂಚು ಮಡಿಸಿದೆವು.

ಇನ್ನು ನಟ್‌ಗಳು. ಕಾರಿನ ಮೂಲ ಸ್ಟಡ್ (ನಟ್ ತಿರುಗಿಸಿ ಕೂರಿಸುವ ಬೋಲ್ಟ್) 7/16 ಇಂಚು ದಪ್ಪ, ಇಂಚಿಗೆ 20 ಥ್ರೆಡ್. ಅಲ್ಯೂಮಿನಿಯಂ ರಿಮ್‌ನ ತಳ ಸ್ಟೀಲ್ ರಿಮ್‌ಗಿಂತ ದಪ್ಪ. ಹಳೇ ಸ್ಟಡ್ ಎಷ್ಟೋ ಸಲ ಗಿಡ್ಡವಾಗುತ್ತದೆ. ನಟ್ ಕೈಯಲ್ಲಿ ತಿರುಗಿಸುತ್ತಾ ಎಣಿಸಿ. ಒಂಬತ್ತು ಸುತ್ತು ಕೂಡ ಹಿಡಿಯದಿದ್ದರೆ ಉದ್ದನೆಯ ಸ್ಟಡ್ ಹಾಕಲೇಬೇಕು. ಸುಮ್ನೆ ಬಿಗಿ ಮಾಡಿ ಕಳಿಸುವಂತಿಲ್ಲ. ನಟ್‌ನ ಆಕಾರವೂ ರಿಮ್‌ಗೆ ಹೊಂದಬೇಕು. ಶಂಕುವಿನ ತುದಿಯ ನಟ್ ಬೇರೆ, ಉದ್ದ ಕೊಳವೆಯ ನಟ್ ಬೇರೆ. ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ ಎಷ್ಟು ಬಿಗಿ ಮಾಡಿದರೂ ಓಡುತ್ತಾ ಸಡಿಲವಾಗುತ್ತದೆ.

ಆ ಹಿರಿಯರು ವುಡ್‌ವರ್ಡ್‌ಗೆ ಹೋಗಿ ಬಂದ ಮೇಲೆ, ನಾನು ಹೇಳಿದ್ದಂತೆ, ನಟ್‌ಗಳನ್ನು ಮತ್ತೆ ಬಿಗಿತ ಅಳೆಯುವ ಟಾರ್ಕ್ ರೆಂಚ್‌ನಲ್ಲಿ ನೋಡಿಸಲು ಬಂದರು. ಹೊಸ ಅಲ್ಯೂಮಿನಿಯಂ ರಿಮ್ ಹಾಕಿದರೆ 50ರಿಂದ 100 ಮೈಲಿಯೊಳಗೆ ಇದನ್ನು ಮಾಡಲೇಬೇಕು. ಇನ್ನೂ ಅಗಲದ ಟಯರ್ ಬಗ್ಗೆಯೂ ವಿಚಾರಿಸಿದರು. ಅದಕ್ಕೆ ಒಳಗಿನ ವೀಲ್ ಹೌಸ್ ಕತ್ತರಿಸಿ ಅಗಲ ಮಾಡಬೇಕು, ಚಳಿಗಾಲದಲ್ಲಿ ಕೈ ಹಾಕುವ ಕೆಲಸ ಅಂದೆ. ನವೆಂಬರ್‌ನಲ್ಲಿ ಕಾರು ತರುತ್ತಾರಂತೆ. ರಿಮ್ ಮಾತ್ರ ಈಗಲೇ ಕೊಳ್ಳಬೇಡಿ ಅಂತ ಹೇಳಿ ಕಳಿಸಿದ್ದೇನೆ.