ಬಿದ್ರೆ ನಾಚಿಕೆ ಆಗಲ್ವಾ ಮಾವ?

ಅಕ್ಕನ ಮಗ ಈ ವಾರ ಬೆಂಗಳೂರಿಂದ ತೀರ್ಥಹಳ್ಳಿಗೆ, ನಮ್ಮನೆಗೆ ಬಂದಿದ್ದ. ಹೊರಗೆ ಧೋ ಅಂತ ಮಳೆ. ಹೊತ್ತು ಹೋಗಲಿ ಅಂತ ಮೊಬೈಲಲ್ಲಿ ಹಳೇ 'ತಕೇಶಿಸ್ ಕ್ಯಾಸಲ್' ಹಾಕಿಕೊಟ್ಟೆ, ಜನ ಅಡ್ಡಿ ದಾಟೋಕೆ ಹೋಗಿ ಬೀಳೋ ಜಪಾನಿನ ಟಿವಿ ಆಟ. ನೀರಿನ ನಡುವಿನ ಕಲ್ಲುಗಳ ಮೇಲೆ ಒಬ್ಬ ಓಡಿಬಂದ. ಕೆಲವು ಗಟ್ಟಿ ಕಲ್ಲು, ಕೆಲವು ಸುಮ್ನೆ ತೇಲೋವು. ಇವನು ಕಾಲಿಟ್ಟಿದ್ದೇ ತೇಲೋದರ ಮೇಲೆ, ಧಡಾರ್ ಅಂತ ಮುಖ ಅಡಿಯಾಗಿ ಬಿದ್ದ. ನನಗೆ ನಗು ತಡೆಯೋಕೆ ಆಗಲಿಲ್ಲ. ಹುಡುಗ ಮಾತ್ರ ನಗಲೇ ಇಲ್ಲ. 'ಅಷ್ಟು ಜನರ ಮುಂದೆ ಬಿದ್ರೆ ನಾಚಿಕೆ ಆಗಲ್ವಾ ಮಾವ?' ಅಂದ.

ಎಂಟು ವರ್ಷದ ಮಗು ಕೇಳೋ ಪ್ರಶ್ನೆನಾ ಇದು?

ನಾವು ಇದನ್ನ ನೋಡಿದ್ದು ಪೋಗೋ ಚಾನೆಲ್‌ನಲ್ಲಿ. ಜಪಾನಿನಲ್ಲಿ 1986ರಿಂದ 1990ರವರೆಗೆ ಬಂದ ಕಾರ್ಯಕ್ರಮ, ನಮ್ಮನೆ ಟಿವಿಗೆ ಬರೋ ಹೊತ್ತಿಗೆ ಹದಿನೈದು ವರ್ಷ ಹಳೇದಾಗಿತ್ತು ಅನ್ನೋದು ಯಾರಿಗೆ ಗೊತ್ತಿತ್ತು? ಆಡೋರೆಲ್ಲ ದೊಡ್ಡವರೇ, ಆದ್ರೆ ನೋಡೋ ಗುಂಪೆಲ್ಲ ನಮ್ಮಂಥ ಮಕ್ಕಳು. ಜಾವೇದ್ ಜಾಫ್ರಿ ಹಿಂದಿಯಲ್ಲಿ ಬಾಯಿಗೆ ಬಂದ ಹೆಸರಿಟ್ಟು ಕಾಮೆಂಟರಿ ಹೇಳೋರು. ನಮಗೆ ಅರ್ಧ ಅರ್ಥವೇ ಆಗ್ತಿರಲಿಲ್ಲ, ಆದ್ರೂ ಹೊಟ್ಟೆ ಹಿಡ್ಕೊಂಡು ನಗ್ತಿದ್ವಿ. ಮಧ್ಯದಲ್ಲಿ ಕರೆಂಟ್ ಹೋದ್ರೆ ಇಡೀ ಮನೆ ಕೆಇಬಿಯವರನ್ನ ಬೈಯೋದು.

ಆಮೇಲೆ ತೋಟದಲ್ಲಿ ನಮ್ಮದೇ ಆಟ. ಟಿವಿಯಲ್ಲಿ ತೂಗುಸೇತುವೆ ಮೇಲೆ ಚೆಂಡು ಹಿಡ್ಕೊಂಡು ದಾಟಬೇಕು, ಎದುರಿಂದ ಫಿರಂಗಿಯಲ್ಲಿ ಚೆಂಡು ಹೊಡೀತಿದ್ರು. ನಮಗೆ ಹಳ್ಳದ ಸಂಕ ಇತ್ತು. ಎರಡು ಅಡಿಕೆ ಮರ ಹಾಸಿದ್ದು, ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರೋದು. ಒಬ್ಬ ದಾಟೋದು, ಉಳಿದೋರು ದಡದಿಂದ ರಬ್ಬರ್ ಚೆಂಡು ಎಸೆಯೋದು. ಮೊಣಕಾಲುದ್ದ ನೀರಿಗೆ ಬಿದ್ದವನೇ ಅವತ್ತಿನ ಹೀರೋ. ಪೂರ್ತಿ ದಾಟಿದೋನನ್ನ ಯಾರೂ ಕೇಳ್ತಿರಲಿಲ್ಲ.

ಅಕ್ಕನ ಮಗನಿಗೆ 2023ರಲ್ಲಿ ಪ್ರೈಮ್‌ನಲ್ಲಿ ಬಂದ ಹೊಸದನ್ನೂ ತೋರಿಸಿದೆ, ಭುವನ್ ಬಾಮ್ ಕಾಮೆಂಟರಿ ಇರೋದು. ಬಣ್ಣ ಚೆನ್ನಾಗಿದೆ. ಹುಡುಗನದು ಒಂದೇ ಪ್ರಶ್ನೆ, 'ಯಾರು ಗೆದ್ರು?' ಹಳೇದರಲ್ಲಿ ಒಂದೊಂದು ಸಲ ನೂರರ ಆಸುಪಾಸು ಜನ ಹೊರಡೋರು, ಬಹುಮಾನ ಹತ್ತು ಲಕ್ಷ ಯೆನ್, ಗೆಲ್ಲೋದು ಅಪರೂಪಕ್ಕೊಬ್ಬ. ಹೇಳಿದೆ. 'ಮತ್ಯಾಕೆ ಹೋಗ್ತಾರೆ?' ಅಂದ. ಅದು ಅವನ ಮಾತಲ್ಲ, ನಮ್ಮ ಭಾವನ ಮಾತು. ಒಳ್ಳೇ ಮನುಷ್ಯ, ಆದ್ರೆ ಮಗನ ಸ್ಕೇಟಿಂಗ್ ಕ್ಲಾಸಿನಲ್ಲಿ ಗಡಿಯಾರ ಹಿಡ್ಕೊಂಡು ನಿಲ್ತಾರೆ. ಹುಡುಗ ಬಿದ್ರೆ ಪೆಟ್ಟಾಯ್ತಾ ಅಂತ ಕೇಳೋ ಮೊದಲು ಎಷ್ಟು ಸೆಕೆಂಡ್ ಹೋಯ್ತು ಅಂತ ನೋಡ್ತಾರೆ.

ನನಗಿಂತ ಮುಂಚೆ ಅಮ್ಮನೇ ಅವನಿಗೆ ಉತ್ತರ ಕೊಟ್ಟಿದ್ಲು, ಅಡುಗೆಮನೆಯಿಂದಲೇ: 'ಬೀಳೋದು ನೋಡೋಕೇ ಅಲ್ವೇನೋ ಜನ ಸೇರೋದು!'

ಮುಂದಿನ ಭಾನುವಾರ ಊರಲ್ಲಿ ಕೆಸರುಗದ್ದೆ ಓಟ ಇದೆ. ಅಲ್ಲೀತನಕ ಹುಡುಗನ್ನ ಇಲ್ಲೇ ಇಟ್ಕೋತೀನಿ ಅಂತ ಅಕ್ಕನಿಗೆ ಫೋನ್ ಮಾಡಿದೆ. ಅವಳು ಹ್ಞೂಂ ಅಂದ್ಲು. ಹಿಂದಿನಿಂದ ಭಾವ, ಅವತ್ತು ಸ್ಕೇಟಿಂಗ್ ಟ್ರಯಲ್ಸ್ ಇದೆ ಅಂದ್ರು.